ಖಾಲಿ ಗೂಟಕ್ಕೆ ಹೊಸ ಹಗ್ಗ

ಕೆಟ್ಟಿತು ಎಂದು ನಾನು ಹೇಳಿಬಿಟ್ಟು, ಆಮೇಲೆ ಅದು ಕೆಟ್ಟೇ ಇರಲಿಲ್ಲ ಎಂದಾದರೆ? ಮಾಯಪ್ಪಣ್ಣ ಕಣ್ಣಿನ ಆಪರೇಶನ್ನಿಗೆಂದು ಮಿರಜಕ್ಕೆ ಹೋದ ಸೋಮವಾರದಿಂದ ಈ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿರಲಿಲ್ಲ. ಮಗಳಿಗೆ ಅನ್ನ ಕಲಸುವಾಗ, ಕುಕ್ಕರಿನ ಸೀಟಿ ಎಣಿಸುವಾಗ, ಬಟ್ಟೆ ಒಣಹಾಕುವಾಗ ಅದೇ. ನಾನು ಮೊದಲೇ ಚಿಂತೆಯ ಹೆಣ್ಣು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಮೂರು ಸಲ ಹೋಗಿ ನೋಡುತ್ತೇನೆ. ಮಗಳು ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ. ಅವಳ ಲಸಿಕೆ ಕಾರ್ಡಿನ ಝೆರಾಕ್ಸನ್ನು ನಾಲ್ಕು ಕಡೆ ಇಟ್ಟು, ನಾಲ್ಕನೆಯದು ಎಲ್ಲಿಟ್ಟೆ ಎಂದು ಮರೆತು, ಐದನೆಯದು ತೆಗೆಸಿದ್ದೇನೆ. ನಮ್ಮ ಅತ್ತೆ ಲಕ್ಕವ್ವ ಇದನ್ನೆಲ್ಲ ನೋಡಿ, "ಹುಬ್ಬಳ್ಯಾಗ ಸಾಲಿ ಕಲಿಸಿದ್ದು ಕಡಿಮಿ, ಅಂಜೂದು ಕಲಿಸಿದ್ದು ಹೆಚ್ಚು," ಎನ್ನುತ್ತಾರೆ.

ಮಾಯಪ್ಪಣ್ಣ ನಮ್ಮ ಹಾಲು ಸಂಘದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ವಿಭಾಗ ಎಂದರೆ ಅವರು ಮತ್ತು ನಾನು, ಇಬ್ಬರೇ. ಅವರು ಚಿಕ್ಕೋಡಿಯ ಕಚೇರಿಯಲ್ಲಿ ಕೂಡುತ್ತಾರೆ. ಮಗಳು ಸಣ್ಣವಳೆಂದು ನನಗೆ ಸದಲಗಾದ ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿದ್ದಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕಿನ ನೂರಾ ಹದಿನೆಂಟು ಊರುಗಳ ಡೇರಿಗಳು ಸಂಘಕ್ಕೆ ಸೇರಿವೆ. ಒಂದೊಂದು ಡೇರಿಯಲ್ಲೂ ಹಾಲು ಅಳೆಯುವ, ಅದರ ಗಟ್ಟಿತನ ನೋಡುವ ಒಂದು ಯಂತ್ರ. ಹಾಲಿಗೆ ನೀರು ಬೆರೆಸುವ ತಕರಾರು ಬಹಳವಾದಾಗ ಸಂಘ ಒಂದು ಕಟ್ಟುಪಾಡು ಮಾಡಿತು: ಸಂಘದ ಕಂಪ್ಯೂಟರಿನಿಂದ ಹೂಂ ಎಂಬ ಉತ್ತರ ಬರದೆ ಯಾವ ಊರಿನ ಯಂತ್ರವೂ ಹಾಲು ಮುಟ್ಟುವುದಿಲ್ಲ. ಯಾವ ಟ್ಯಾಂಕರ್ ಯಾವ ಊರಿಗೆ ಹೋಗಬೇಕು ಎಂಬುದೂ ಅಲ್ಲಿಂದಲೇ ಡ್ರೈವರುಗಳ ಫೋನಿಗೆ ಹೋಗುತ್ತದೆ. ಅದು ಸುಮ್ಮನಾದರೆ ಐದು ತಾಲೂಕಿನ ಹಾಲು ಕ್ಯಾನಿನಲ್ಲೇ ಒಡೆಯುತ್ತದೆ.

ಆ ಕಂಪ್ಯೂಟರ್ ಚಿಕ್ಕೋಡಿಯಲ್ಲಿಲ್ಲ. ಮುಂಬೈಯ ಒಂದು ಕಟ್ಟಡದಲ್ಲಿ, ಬೇರೆಯವರ ದೊಡ್ಡ ದೊಡ್ಡ ಕಂಪ್ಯೂಟರುಗಳ ಹೊಟ್ಟೆಯಲ್ಲಿದೆ. ಹನ್ನೊಂದು ಯಂತ್ರಗಳು ನಮ್ಮವು ಎಂದು ಲೆಕ್ಕ. ಮುಟ್ಟಿ ನೋಡಲು ಒಂದೂ ಇಲ್ಲ. ಇವನ್ನು ವರ್ಚುವಲ್ ಮಶಿನ್ ಎನ್ನುತ್ತಾರೆ. ಹೊಸತಾಗಿ ಕೆಲಸಕ್ಕೆ ಸೇರಿದಾಗ ಅತ್ತೆಗೆ ಇದನ್ನು ವಿವರಿಸಿದೆ.

"ಅಂದ್ರ ಮಶಿನ್ ಇಲ್ಲ?"

"ಐತಿ, ಆದ್ರ ಅದಕ್ಕ ಮೈ ಇಲ್ಲ ಅತ್ತಿ."

"ಇಲ್ಲದ ಮಶಿನ್ ಕಾಯಾಕ ನಿನಗ ಪಗಾರ ಕೊಡ್ತಾರ. ನಾ ಇರೂ ದನ ಕಾದೀನಿ ಮೂವತ್ತ ವರ್ಷ, ನನಗ ಯಾರೂ ಕೊಡಲಿಲ್ಲ ಬೇ."

ಮಾಯಪ್ಪಣ್ಣ ಕಟ್ಟೆಯ ಮೇಲೆ ಕುಳಿತಿದ್ದರು. ಅವರು ಹೇಳಿದ ರೀತಿ ಅತ್ತೆಗೆ ಕೂಡಲೇ ತಿಳಿಯಿತು. "ದೊಡ್ಡ ಮನಿತನದ ವಾಡೇ ಅದಾವಲ್ರಿ ಅವ್ವಾರ, ಹಂಗ ತಿಳಕೋರಿ. ಒಂದ ವಾಡೇದಾಗ ಹನ್ನೊಂದ ಬಾಡಿಗಿ ಸಂಸಾರ. ನಡುವ ಗ್ವಾಡಿ ಇಲ್ಲ, ಆದ್ರೂ ಒಬ್ಬರ ಒಲಿ ಒಬ್ಬರಿಗೆ ಕಾಣೂದಿಲ್ಲ. ಸಂಸಾರ ನಮ್ಮದು, ವಾಡೇ ಮಂದೀದು. ನಾಳೆ ವಾಡೇ ಬಿದ್ರ ಸಂಸಾರ ಎತ್ತಕೊಂಡ ಇನ್ನೊಂದ ವಾಡೇಕ ಹೋಗಬೇಕು. ನಮ್ಮ ಕೆಲಸ ಅಷ್ಟ."

ಅವರು ಕಟ್ಟೆಯ ಮೇಲೆ ಕೂಡುತ್ತಾರೆ, ಒಳಗಿನ ಪಡಸಾಲೆಗೆ ಬರುವುದಿಲ್ಲ. ಮಾವ ಮುರಗೆಪ್ಪನವರು ಈಗೀಗ ಕುರ್ಚಿ ಹಾಕಿಸುತ್ತಾರೆ. ಮಾಯಪ್ಪಣ್ಣ ಕುರ್ಚಿಯ ಮೇಲೆ ತಮ್ಮ ಚೀಲ ಇಟ್ಟು ಕಟ್ಟೆಯ ಮೇಲೇ ಕೂಡುತ್ತಾರೆ. ಅವರ ತಂದೆ ನಮ್ಮ ಮನೆಯ ಹೊಲದಲ್ಲಿ ದುಡಿದವರು. ಊರಿನ ಕೆಳಗಿನ ಓಣಿಯಲ್ಲಿ, ದೂಧಗಂಗೆಯ ದಂಡೆಗೆ ಹತ್ತಿರ ಅವರ ಮನೆ. ಪಿಯುಸಿ ಮುಗಿಸಿ ಊರ ಡೇರಿಯಲ್ಲಿ ಹಾಲು ಅಳೆಯಲು ನಿಂತರು. ಡೇರಿಗೆ ಮೊದಲ ಯಂತ್ರ ಬಂದಾಗ ಅದನ್ನು ಬಿಚ್ಚಿ ಜೋಡಿಸಿದ್ದಕ್ಕೆ ಬೈಸಿಕೊಂಡರು, ಎರಡನೆಯ ಸಲ ಅದು ಕೆಟ್ಟಾಗ ಅವರನ್ನೇ ಕರೆಸಿದರು. ಹೀಗೆ ಚಿಕ್ಕೋಡಿಯ ತನಕ ಹೋದರು. ಇಂಗ್ಲಿಷಿನ ಪುಸ್ತಕಗಳನ್ನು ಮರಾಠಿ ಡಿಕ್ಷನರಿ ಮಗ್ಗುಲಿಗಿಟ್ಟುಕೊಂಡು ಓದಿ ಕಲಿತವರು. ಈಗಲೂ ನನಗೆ ಬರುವ ಅರ್ಧ ಕೆಲಸ ಕಾಲೇಜು ಕಲಿಸಿದ್ದಲ್ಲ, ಅವರು ಕಲಿಸಿದ್ದು.

ನಮ್ಮ ಕೊಟ್ಟಿಗೆಯಲ್ಲಿ ಎರಡು ಖಾಲಿ ಗೂಟಗಳಿವೆ. ಮದುವೆಯಾಗಿ ಬಂದ ಮೊದಲ ವರ್ಷ, ಕಾರಹುಣ್ಣಿಮೆಯ ಮುಂಜಾನೆ, ನನಗೆ ಪರಿಚಯವಿಲ್ಲದ ಒಬ್ಬ ಗಂಡಸು ಹೊಸ ಹಗ್ಗ ತಂದು ಆ ಗೂಟಗಳಿಗೆ ಕಟ್ಟಿ, ಹಳೆಯ ಹಗ್ಗ ಬಿಚ್ಚಿಕೊಂಡು ಹೋದದ್ದನ್ನು ಕಿಟಕಿಯಿಂದ ನೋಡಿದ್ದೆ. ಹಳೆಯ ಹಗ್ಗವೂ ಹೊಸದರ ಹಾಗೇ ಇತ್ತು, ಒಂದು ದನವನ್ನೂ ಕಂಡಿರಲಿಲ್ಲ. ಮಾವ ಅಲ್ಲೇ ನಿಂತು ಅವರನ್ನು ಕಾಡಿಸುತ್ತಿದ್ದರು.

"ಈ ವರ್ಷ ಹಗ್ಗ ಭಾಳ ದಪ್ಪ ಐತಲ್ಲೋ ಮಾಯಪ್ಪ. ಎಮ್ಮಿ ಕಟ್ಟಾಂವೋ ಆನಿ ಕಟ್ಟಾಂವೋ?"

"ಎಮ್ಮೀನ ರೀ ಧಣ್ಯಾರ. ಆನಿಗೆ ಹಗ್ಗ ಯಾಕ ಬೇಕು, ಅದಕ್ಕ ಹೊಳಿನ ಅಂಜತೈತಿ."

ಇದರ ಹಿಂದಿನ ಕತೆ ನನಗೆ ಗೊತ್ತಾದದ್ದು ಎರಡು ವರ್ಷದ ನಂತರ, ಸಂಘದಲ್ಲಿ ಅವರ ಕೈಕೆಳಗೆ ಸೇರಿದ ಮೇಲೆ. ಅವರೇ ಹೇಳಿದರು. ಬೇರೆಯವರ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದರು.

ಕೆಳಗಿನ ಓಣಿಯಲ್ಲಿ ಒಂದು ರೂಢಿ. ಹೊಳೆ ಏರತೊಡಗಿದರೆ 'ನೀರು ಬಂತು' ಎಂದು ಮನೆಯಲ್ಲಿ ಯಾರೂ ಅನ್ನಬಾರದು. ಅಂದರೆ ಕರೆದ ಹಾಗೆ. 'ಗಂಗವ್ವ ನೋಡಾಕ ಬಂದಾಳ' ಎನ್ನಬೇಕು. ಹೆಂಗಸರು ಹೋಗಿ ಹಸಿರು ಬಳೆ, ಕುಪ್ಪಸದ ಕಣ, ತೆಂಗಿನಕಾಯಿ ಇಟ್ಟು ಹೊಳೆಗೆ ಉಡಿ ತುಂಬಿ ಬರುತ್ತಾರೆ. ಉಡಿ ತುಂಬಿದ ಮೇಲೆ ಮನೆ ಬಿಟ್ಟು ಓಡಿದರೆ ಅವಳನ್ನು ನಂಬಲಿಲ್ಲ ಎಂದಂತೆ. ಹೋಗಲೇಬೇಕಾದರೆ 'ಗಂಟ ಕಟ್ರಿ' ಎಂಬ ಮಾತು ಬೇಕು, ಅದು ಮನೆಯ ಹಿರಿಯರ ಬಾಯಿಂದಲೇ ಬರಬೇಕು. ಅಲ್ಲಿಯತನಕ ಯಾರೂ ಏಳುವುದಿಲ್ಲ. ಎರಡು ಸಾವಿರದ ಐದರ ಮಹಾಪೂರದಲ್ಲಿ ಆ ಮನೆಯ ಹಿರಿಯಳು ಮಾಯಪ್ಪಣ್ಣನ ತಾಯಿ ಹೊಳೆವ್ವ. ಹಿಂದಿನ ದಿನವಷ್ಟೇ ಉಡಿ ತುಂಬಿ ಬಂದಿದ್ದಳು. ನೀರು ಹೊಸ್ತಿಲಿಗೆ ಬಂದಾಗ ಹೊಸ್ತಿಲಿಗೆ ಕುಂಕುಮ ಹಚ್ಚಿದಳು. ಮೊಣಕಾಲಿಗೆ ಬಂದಾಗ ಕಣ್ಣು ಮುಚ್ಚಿ ಕೂತಳು. ಆಗ ಮಾಯಪ್ಪಣ್ಣನಿಗೆ ಮೂವತ್ತು ದಾಟಿತ್ತು. ಮದುವೆಯಾಗಿತ್ತು. ಆದರೂ ತಾಯಿಯ ಬಾಯನ್ನೇ ನೋಡುತ್ತ ನಿಂತಿದ್ದರು. ಸೊಂಟದ ಮಟ್ಟ ನೀರಾದಾಗ ಹೊಳೆವ್ವ ಆ ಮಾತು ಹೇಳಿದಳು.

ಹೊಳೆ ಏರಿದಾಗ ಹೋಗಿ ಇರಲು ಕೆಳಗಿನ ಓಣಿಯ ಒಂದೊಂದು ಮನೆಗೂ ದಿಬ್ಬದ ಮೇಲೆ ಒಂದು ಗೊತ್ತಾದ ಮನೆ ಇರುತ್ತದೆ. ಅವರದು ನಮ್ಮ ಮನೆ. ಎರಡು ಎಮ್ಮೆಗೆಂದು ಎರಡು ಗೂಟ, ತಲೆಮಾರಿನಿಂದ. ಗಡಿಬಿಡಿಯಲ್ಲಿ ಹಾಲು ಕೊಡುವ ಎಮ್ಮೆಯನ್ನೇ ಮೊದಲು ಹೊಡೆದುಕೊಂಡು ಬಂದರು. ಅದರ ಕರು ಅಟ್ಟದ ಮೇಲಿತ್ತು, ಎರಡನೆಯ ಸಲ ತಂದರಾಯಿತು ಎಂದುಕೊಂಡರು. ಎಮ್ಮೆಯನ್ನು ಗೂಟಕ್ಕೆ ಕಟ್ಟಿ ತಿರುಗಿ ಹೋದರು. ಆ ಗೂಟದ ಹಗ್ಗ ಎಷ್ಟೋ ವರ್ಷ ಬಿಸಿಲು ಮಳೆಗೆ ಹಾಗೇ ಜೋತು ಬಿದ್ದಿದ್ದು. ಎಮ್ಮೆ ಕರುವಿಗಾಗಿ ಜಗ್ಗಿತು, ಹಗ್ಗ ಹರಿಯಿತು. ಮಾಯಪ್ಪಣ್ಣ ಹೆಗಲ ಮೇಲೆ ಕರು ಹೊತ್ತುಕೊಂಡು ಒಂದು ದಾರಿಯಿಂದ ಮೇಲೆ ಬರುತ್ತಿದ್ದಾಗ ಎಮ್ಮೆ ಇನ್ನೊಂದು ದಾರಿಯಿಂದ ಕೆಳಗಿಳಿದು ನೀರಿಗೆ ಹೋಗಿತ್ತು. ನಾಲ್ಕನೆಯ ದಿನ ಕಬ್ಬಿನ ಹೊಲದ ತಂತಿ ಬೇಲಿಯಲ್ಲಿ ಸಿಕ್ಕಿತು.

"ತಪ್ಪ ಮೂರ ತಂಗಿ," ಎಂದರು ನನಗೆ. "ಮಾತ ತಡಾ ಆತು. ಕರು ಮೊದಲ ಒಯ್ಯಬೇಕಿತ್ತು, ಎಮ್ಮಿ ತಾನ ಹಿಂದ ಬರತಿತ್ತು. ಮತ್ತ ಹಗ್ಗ ಜಗ್ಗಿ ನೋಡಿರಲಿಲ್ಲ."

ಸಂಘದ ಕಂಪ್ಯೂಟರುಗಳನ್ನು ಮುಂಬೈಗೆ ಒಯ್ಯುವಾಗ ಅಲ್ಲಿಯ ಜಾಗ ಬಾಡಿಗೆಗೆ ಕೊಡಲು ಬಂದ ಕಂಪನಿಯವನು, ಇನ್ನು ನಿಮಗೆ ಚಿಂತೆಯೇ ಇಲ್ಲ ಎಂದನಂತೆ. ಮಾಯಪ್ಪಣ್ಣ ಕೇಳಿದ ಮೊದಲ ಪ್ರಶ್ನೆ, "ಆ ಕಟ್ಟಡದ ಮಗ್ಗಲಾಗ ಹೊಳಿ ಐತೇನ್ರಿ?" ಅವನು ನಕ್ಕು, ಹೊಳೆ ಇಲ್ಲ, ಸಮುದ್ರ ಇದೆ ಎಂದ. ಆವತ್ತೇ ಮಾಯಪ್ಪಣ್ಣ ಎರಡನೆಯ ಜಾಗ ಬೇಕೆಂದು ಹಟ ಹಿಡಿದರು. ಹೈದರಾಬಾದು ಗೊತ್ತಾಯಿತು. ಅಲ್ಲಿಯ ನೀರು ಬೇರೆ, ಅಲ್ಲಿಯ ಕರೆಂಟು ಬೇರೆ, ಎರಡೂ ಕಡೆ ಒಂದೇ ದಿನ ಕೆಡುವುದು ಕಷ್ಟ. ಐದೈದು ನಿಮಿಷಕ್ಕೊಮ್ಮೆ ಮುಂಬೈಯ ಹನ್ನೊಂದು ಯಂತ್ರಗಳಲ್ಲಿ ಆದ ಬದಲಾವಣೆಯೆಲ್ಲ ಹೈದರಾಬಾದಿಗೆ ನಕಲಾಗುತ್ತದೆ. ನಕಲುಗಳು ಮಲಗಿಯೇ ಇರುತ್ತವೆ. ಮುಂಬೈ ಬಿದ್ದರೆ ಫೋನ್ ಮಾಡಿ ಎಬ್ಬಿಸಬೇಕು. ಎದ್ದು ನಿಲ್ಲಲು ನಲವತ್ತು ನಿಮಿಷ.

ಬೇರೆ ಕಂಪನಿಗಳಲ್ಲಿ ಇದರ ನಿಯಮಾವಳಿ ನೂರು ಪುಟ ಇರುತ್ತದೆ ಎಂದು ನನಗೆ ಗೊತ್ತು. ನಮ್ಮದು ಒಂದೇ ಹಾಳೆ. ಮೇಲೆ ಫೋನ್ ನಂಬರು, ಒಂದು ಗುಪ್ತ ಸಂಖ್ಯೆ. ಕೆಳಗೆ ಮಾಯಪ್ಪಣ್ಣನ ಗುಂಡು ಅಕ್ಷರದಲ್ಲಿ: ಮಾತು, ಆ ಹೊತ್ತಿಗೆ ಕೆಲಸದ ಮೇಲೆ ಇದ್ದವರದೇ, ಯಾರನ್ನೂ ಕೇಳಕೂಡದು. ಕರು ಮೊದಲು, ಎಂದರೆ ಹಾಲಿನ ಮಾಹಿತಿಯೆಲ್ಲ ಇರುವ ಯಂತ್ರವನ್ನು ಮೊದಲು ಎಬ್ಬಿಸಬೇಕು, ಉಳಿದವು ಅದನ್ನು ಹುಡುಕಿಕೊಂಡು ಏಳುತ್ತವೆ. ಹಗ್ಗ ವರ್ಷಕ್ಕೊಮ್ಮೆ ಜಗ್ಗಿ ನೋಡಬೇಕು. ಕೆಳಗೆ ಸಂಘದ ಅಧ್ಯಕ್ಷರ ಸಹಿ, ಶಿಕ್ಕೆ. ಸಂಘದಲ್ಲಿ ಈ ಕೆಲಸಕ್ಕೆ 'ಗಂಟ ಕಟ್ಟೂದು' ಎಂದೇ ಹೆಸರು.

ಸಹಿ ಮಾಡಿದವರು ಯಾರೂ ಅದನ್ನು ನಂಬಿರಲಿಲ್ಲ ಎಂಬುದು ಎರಡು ವರ್ಷದ ಹಿಂದೆ ತಿಳಿಯಿತು. ಒಂದು ಮುಂಜಾನೆ ಮುಂಬೈ ಸುಮ್ಮನಾಯಿತು. ಮಾಯಪ್ಪಣ್ಣ ಹನ್ನೆರಡನೆಯ ನಿಮಿಷಕ್ಕೆ ಫೋನ್ ಮಾಡಿ ಗಂಟು ಕಟ್ಟಿಸಿದರು. ಇಪ್ಪತ್ತನೆಯ ನಿಮಿಷಕ್ಕೆ ಮುಂಬೈ ತಾನೇ ಎದ್ದಿತು. ಆದರೆ ಒಮ್ಮೆ ಹೊರಟ ಮೇಲೆ ನಡುದಾರಿಯಲ್ಲಿ ತಿರುಗಲು ಬರುವುದಿಲ್ಲ. ಕೆಲವು ಊರುಗಳು ಅತ್ತ, ಕೆಲವು ಊರುಗಳು ಇತ್ತ ಹಾಲು ಬರೆಸಿದವು. ಹಾರೂಗೇರಿಯ ಡೇರಿಯ ಅರ್ಧ ತಾಸಿನ ಹಾಲು ಎರಡೂ ಕಡೆ ಇರಲಿಲ್ಲ. ಎಲ್ಲವನ್ನೂ ಕೂಡಿಸಿ ತಿರುಗಿ ಮುಂಬೈಗೆ ತರಲು ಮೂರು ದಿನ ಹಿಡಿಯಿತು. ಅಂದಿನಿಂದ ಐದು ತಾಲೂಕಿನಲ್ಲಿ ಅವರಿಗೆ ಒಂದು ಹೆಸರು ಬಿತ್ತು: ಹೊಳಿ ಬರೂಕಿಂತ ಮೊದಲ ದನ ಬಿಚ್ಚಿದ ಮಾಯಪ್ಪ. ಡೇರಿಗೆ ಹೋದರೆ ಹಾಲು ಹಾಕಲು ಬಂದ ಹೆಂಗಸರೂ, "ಅಣ್ಣಾರ, ಇವತ್ತ ಮೋಡ ಆಗೇತಿ, ಹೈದರಾಬಾದಕ್ಕ ಹೊಂಟ್ರೇನು?" ಎನ್ನುತ್ತಿದ್ದರು. ಅವರು ನಗುತ್ತಿದ್ದರು. ಈ ವರ್ಷ ಆಡಳಿತ ಮಂಡಳಿಯಲ್ಲಿ, ಆ ಖಾಲಿ ಗೂಟ ಯಾಕೆ ಇಟ್ಟುಕೊಳ್ಳಬೇಕು, ಹೈದರಾಬಾದನ್ನು ಬಿಟ್ಟುಬಿಡೋಣ ಎಂಬ ಮಾತು ಎದ್ದಿತ್ತು. ಆಗಸ್ಟಿನ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು.

ಈ ಸಲದ ಕಾರಹುಣ್ಣಿಮೆಗೆ ಅವರ ಕಣ್ಣು ಬಹಳ ಮಂಜಾಗಿತ್ತು. ಹಗ್ಗವನ್ನು ನನ್ನ ಕೈಗೆ ಕೊಟ್ಟು, "ನೀನ ಕಟ್ಟ ತಂಗಿ," ಎಂದರು. ಕಟ್ಟಿದೆ. ಅವರು ಎದ್ದು ಬಂದು ಎರಡೂ ಕೈಯಲ್ಲಿ ಹಿಡಿದು ಮೈಭಾರ ಬಿಟ್ಟು ಜಗ್ಗಿದರು. ಗಂಟು ಜಾರಿತು. ಬಿಚ್ಚಿಸಿ ಇನ್ನೊಮ್ಮೆ ಕಟ್ಟಿಸಿದರು. ಮಧ್ಯಾಹ್ನ ಅದೇ ಕಟ್ಟೆಯ ಮೇಲೆ ಕುಳಿತು ಹೈದರಾಬಾದಿನ ಯಂತ್ರಗಳನ್ನು ನನ್ನ ಕೈಯಿಂದ ಎಬ್ಬಿಸಿ ಪರೀಕ್ಷೆ ಮಾಡಿಸಿದರು. ಬೋರಗಾಂವದ ಡೇರಿಯವರಿಗೆ ಹೇಳಿ ಯಂತ್ರಕ್ಕೆ ಒಂದು ಲೀಟರ್ ಬರೇ ನೀರು ಹಾಕಿಸಿದರು. ಇದು ಹಾಲಲ್ಲ ಎಂದು ಹೈದರಾಬಾದಿನಿಂದ ಉತ್ತರ ಬಂತು. "ಹುಷಾರೈತಿ," ಎಂದು ಚಹಾ ಕುಡಿದು ಹೋದರು. ಎರಡನೆಯ ಸಲದ ಗಂಟನ್ನು ಅವರು ಅಷ್ಟೇ ಜೋರಾಗಿ ಜಗ್ಗಿದರೋ ಇಲ್ಲವೋ ಎಂದು ನಾನು ಆ ವಾರವೆಲ್ಲ ಯೋಚಿಸಿದೆ.

ಜುಲೈನಲ್ಲಿ ಮಿರಜಕ್ಕೆ ಹೋಗುವಾಗ ಅವರ ಹೆಂಡತಿ ತುಳಸವ್ವ ಎಮ್ಮೆ ಮತ್ತು ಕರುವನ್ನು ನಮ್ಮ ಕೊಟ್ಟಿಗೆಯಲ್ಲಿ ಬಿಟ್ಟುಹೋದಳು. ಕರುವನ್ನು ಮುಂದೆ ಎತ್ತಿಕೊಂಡು ಬಂದಳು, ಎಮ್ಮೆ ಹಿಂದೆ ಬಂತು. ನಾನು ಕಟ್ಟಿದ ಹಗ್ಗಕ್ಕೇ ಕಟ್ಟಿದಳು.

ಗುರುವಾರ ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ ಇದ್ದಾಗ ನನ್ನ ಲ್ಯಾಪ್‌ಟಾಪಿನ ಮೇಲೆ ಹನ್ನೊಂದು ಹಸಿರು ಚುಕ್ಕೆಗಳು ಒಟ್ಟಿಗೆ ಕೆಂಪಾದವು. ಮಗಳು ಆಗಷ್ಟೇ ಮಲಗಿದ್ದಳು. ಮೊದಲು ನಮ್ಮ ಮನೆಯ ನೆಟ್ ಹೋಗಿದೆ ಎಂದುಕೊಂಡೆ. ಫೋನಿನ ನೆಟ್ಟಿನಲ್ಲಿ ನೋಡಿದೆ, ಅಲ್ಲಿಯೂ ಕೆಂಪು. ಮುಂಬೈಯ ಕಂಪನಿ ತನ್ನ ಪುಟದಲ್ಲಿ, ತಂಪು ಮಾಡುವ ವ್ಯವಸ್ಥೆಯಲ್ಲಿ ತೊಂದರೆಯಾಗಿದೆ, ಅರ್ಧ ತಾಸಿನಲ್ಲಿ ಸರಿಹೋಗುತ್ತದೆ ಎಂದು ಬರೆದಿತ್ತು. ಸಂಜೆಯ ಹಾಲು ಐದಕ್ಕೆ ಶುರು. ನಲವತ್ತು ನಿಮಿಷ ಬೇಕೆಂದರೆ ನಾಲ್ಕೂ ಇಪ್ಪತ್ತರೊಳಗೆ ಹೇಳಬೇಕು. ಇದನ್ನು ಒಂದು ಕಾಗದದ ಮೇಲೆ ಬರೆದುಕೊಂಡೆ, ಬೆರಳು ಮಡಿಚಿ ಎಣಿಸಿದೆ, ಮತ್ತೆ ಬರೆದುಕೊಂಡೆ.

ಇಪ್ಪತ್ತೆರಡನೆಯ ನಿಮಿಷಕ್ಕೆ ಸಂಘದ ಮ್ಯಾನೇಜರ್ ಸಂಗ್ರಾಮ ಚಿಕ್ಕೋಡಿಯಿಂದ ಫೋನ್ ಮಾಡಿದರು.

"ಏನ ಆಗೇತ್ರಿ ವೈನಿ?"

"ಮುಂಬೈಯಿಂದ ಉತ್ತರ ಬರವಲ್ದು."

"ಎಷ್ಟ ಹೊತ್ತಾತು?"

"ಇಪ್ಪತ್ತೆರಡ ನಿಮಿಷ."

"ಹೋದ ಸಲ ಇಪ್ಪತ್ತಕ್ಕ ಬಂದಿತ್ತಲ್ರಿ."

"ಹೌದ್ರಿ."

"ಹಂಗಾರ ಬರತೈತಿ ತಗೋರಿ. ನಾ ಅಧ್ಯಕ್ಷರನ್ನ ಒಂದ ಮಾತ ಕೇಳತೀನಿ."

ಕೇಳಕೂಡದು ಎಂದು ಹಾಳೆಯಲ್ಲಿದೆ ಎಂದು ನಾನು ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಯಾರೋ ಯಾರನ್ನೋ ಕೇಳುತ್ತಾರೆ, ಯಾರೋ ಹೇಳುತ್ತಾರೆ, ನಾನು ಮಾಡುತ್ತೇನೆ. ಅಷ್ಟರಲ್ಲಿ ಮಗಳು ಎದ್ದಳು. ಅವಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಪರದೆಯ ಮುಂದೆ ನಿಂತೆ. ಅವಳು ಕೆಂಪು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಕುಂಕುಮ ಎಂದಳು.

ಮೂರೂ ಮುಕ್ಕಾಲಿಗೆ ಸಂಗ್ರಾಮ ಮತ್ತೆ ಫೋನ್ ಮಾಡಿದರು. "ಅಧ್ಯಕ್ಷರು ಕಾಗವಾಡದಾಗ ಮೀಟಿಂಗಿನ್ಯಾಗ ಅದಾರ. ದುಡಕಬ್ಯಾಡ್ರಿ, ಕಂಪನಿಯವರು ಏನಂತಾರ ನೋಡ್ರಿ, ಮಾಯಪ್ಪನ್ನ ಕೇಳ್ರಿ ಅಂದ್ರು."

"ಕಂಪನಿಯವರು ಇನ್ನ ಅರ್ಧ ತಾಸ ಅಂದಾರ."

"ಹಂಗಾರ ಅರ್ಧ ತಾಸ ನೋಡೂಣು."

"ಮೊದಲೂ ಅರ್ಧ ತಾಸ ಅಂದಿದ್ರು."

"ಹೌದಲ್ರಿ," ಎಂದರು. "ವೈನಿ, ಇನ್ನೊಮ್ಮಿ ಹೋದ ಸಲದ ಹಂಗ ಆತಂದ್ರ ಆಗಸ್ಟಿನ್ಯಾಗ ಹೈದರಾಬಾದ ಉಳಿಯೂದಿಲ್ಲ. ಮಾಯಪ್ಪಣ್ಣನ ಮಾರಿ ನೋಡಾಕ ಆಗೂದಿಲ್ಲ ನಮಗ. ಅಷ್ಟ ತಲ್ಯಾಗ ಇಟ್ಟಕೋರಿ."

ಅದು ನನ್ನ ತಲೆಯಲ್ಲಿ ಸೋಮವಾರದಿಂದಲೂ ಇತ್ತು.

ನಾಲ್ಕಕ್ಕೆ ಅತ್ತೆ ಕ್ಯಾನು ತೊಳೆದು ಬಿಸಿಲಿಗೆ ಬೋರಲು ಹಾಕಿದರು. ತುಳಸವ್ವನ ಎಮ್ಮೆ ಒದರತೊಡಗಿತ್ತು. ಅದರ ಹೊತ್ತು ಅದಕ್ಕೆ ಗೊತ್ತು. ಅತ್ತೆ ಕಿಟಕಿಯ ಹತ್ತಿರ ಬಂದು ನಿಂತರು.

"ಡೇರಿ ಮಶಿನ್ ಬಂದ್ ಬಿದ್ದಾವಂತ. ಮಗ್ಗಲ ಮನಿ ಗಂಗೂಬಾಯಿ ಹೇಳಿ ಹೋದ್ಲು. ಹೌದೇನ?"

"ಹೂಂ ಅತ್ತಿ."

"ಹಿಂಡ್ಲೋ ಬ್ಯಾಡೋ?"

"ಸ್ವಲ್ಪ ತಡೀರಿ."

"ನಾ ತಡೀತೀನಿ, ಎಮ್ಮಿ ತಡಿಯೂದಿಲ್ಲ. ಕೆಚ್ಚಲ ಕಲ್ಲ ಆಗತಾವ. ಹಿಂಡಿದ ಮ್ಯಾಲ ತಿರಗಿ ಕೆಚ್ಚಲದಾಗ ಹಾಕಾಕ ಬರೂದಿಲ್ಲ. ಬರೇ ನಮ್ಮ ಮನೀದಲ್ಲ ಬೇ, ಊರಾಗ ಎಲ್ಲಾರೂ ನಿನ್ನ ಕೇಳ್ರಿ ಅನ್ನಾಕತ್ತಾರ. ಏನ ಹೇಳ್ಲಿ?"

ನೂರಾ ಹದಿನೆಂಟು ಊರುಗಳಲ್ಲಿ ಅದೇ ಹೊತ್ತಿಗೆ ಎಷ್ಟು ಕಿಟಕಿಗಳ ಹತ್ತಿರ ಎಷ್ಟು ಅತ್ತೆಯರು ನಿಂತಿದ್ದಾರೋ. ಹಾಳೆಯನ್ನು ಮುಂದಿಟ್ಟುಕೊಂಡೆ. ಮೇಲಿನ ನಂಬರನ್ನು ಫೋನಿನಲ್ಲಿ ಒತ್ತಿ, ಕರೆ ಮಾಡದೆ ಅಳಿಸಿದೆ. ಎರಡು ಸಲ ಹಾಗೆ ಮಾಡಿದೆ.

ಅಷ್ಟರಲ್ಲಿ ಫೋನು ತಾನೇ ಬಡಿಯಿತು. ತುಳಸವ್ವ. ದಿನಾ ಇದೇ ಹೊತ್ತಿಗೆ ಎಮ್ಮೆಯ ಸುದ್ದಿ ಕೇಳಲು ಮಿರಜದಿಂದ ಫೋನ್ ಮಾಡುತ್ತಾಳೆ.

"ಎಮ್ಮಿ ಮೇವ ತಿಂದೈತೇನ್ರಿ ಅವ್ವಾರ?"

"ತಿಂದೈತಿ. ಅಣ್ಣಾರು ಹೆಂಗದಾರ?"

"ಕಣ್ಣ ಕಟ್ಟ್ಯಾರ, ನಾಳೆ ಬಿಚ್ಚತಾರ. ಫೋನ್ ಹಿಡೀಬ್ಯಾಡ ಅಂದಾರ ಡಾಕ್ಟರ್ರು. ಸುಮ್ಮ ಮಲಗಾಕ ಆಗವಲ್ದ ಅವರಿಗೆ, ನರ್ಸಬಾಯಿಗೆ ನಿಮ್ಮ ಜನರೇಟರ ಎಲ್ಲೈತಿ ಅಂತ ಕೇಳಾಕತ್ತಾರ."

ನನ್ನ ಬಾಯಿಂದ ಮಾತು ತಾನೇ ಹೊರಬಿತ್ತು. ಮುಂಬೈ ಬಿದ್ದು ಎಪ್ಪತ್ತೆರಡು ನಿಮಿಷವಾಯಿತು, ಕಂಪನಿಯವರು ಅರ್ಧ ತಾಸು ಅರ್ಧ ತಾಸು ಎನ್ನುತ್ತಿದ್ದಾರೆ, ಅಧ್ಯಕ್ಷರು ನಿಮ್ಮನ್ನು ಕೇಳಲು ಹೇಳಿದ್ದಾರೆ, ಏನು ಮಾಡಲಿ ಎಂದು ಕೇಳು ಎಂದೆ. ತುಳಸವ್ವ ಫೋನನ್ನು ದೂರ ಹಿಡಿದು ಒಂದೊಂದೇ ಮಾತು ಅವರಿಗೆ ಮುಟ್ಟಿಸಿದಳು. ಮಂಚ ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ಅವರ ದನಿ, ಸಣ್ಣಗೆ. ಏನೆಂದರೋ ತಿಳಿಯಲಿಲ್ಲ. ತುಳಸವ್ವ ತಿರುಗಿ ಬಂದಳು.

"ಅವರು ಏನೂ ಹೇಳವಲ್ರ‍್ರಿ."

"ಏನೂ ಅಂದ್ರ?"

"ನಾ ಮನ್ಯಾಗ ಇಲ್ಲ ಅಂತ ಹೇಳು ಅಂದ್ರು. ಮನ್ಯಾಗ ಇದ್ದಾಕಿ ಆಕಿ, ನನ್ನ ಯಾಕ ಕೇಳತಾಳ ಅಂದ್ರು." ಆಮೇಲೆ ಮೆಲ್ಲಗೆ, "ಸಿಟ್ಟಾಗಿಲ್ರಿ. ಹಂಗ ಅಂದು ಮಾರಿ ಆ ಕಡೆ ಮಾಡಿ ಮಲಗ್ಯಾರ. ಕರು ಹಾಲ ಕುಡದೈತೇನ್ರಿ?"

ಕುಡದೈತಿ ಎಂದೆ. ಇನ್ನೂ ಕುಡಿದಿರಲಿಲ್ಲ.

ಫೋನಿಟ್ಟ ಮೇಲೆ ಗಡಿಯಾರ ನೋಡಿದೆ. ನಾಲ್ಕೂ ಒಂಬತ್ತು. ಪುಟದಲ್ಲಿ ಕಂಪನಿ ಮೂರನೆಯ ಅರ್ಧ ತಾಸನ್ನು ಬರೆದಿತ್ತು. ಕೆಟ್ಟಿತು ಎಂದು ನಾನು ಹೇಳಿ, ಇನ್ನು ಐದೇ ನಿಮಿಷಕ್ಕೆ ಅದು ಎದ್ದುಬಿಟ್ಟರೆ? ಎದ್ದರೆ ಏಳಲಿ, ನನಗೂ ಒಂದು ಹೆಸರು ಬೀಳುತ್ತದೆ. ಹೊಳೆವ್ವ ಕಣ್ಣು ಮುಚ್ಚಿ ಕೂತಾಗ ಬಹುಶಃ ಅವಳ ತಲೆಯಲ್ಲಿಯೂ ಇಷ್ಟೇ ಇದ್ದಿರಬೇಕು. ಇನ್ನೊಂದು ಸ್ವಲ್ಪ ನೋಡೋಣ. ಆ ಮನೆಯಲ್ಲಿ ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು. ಅವಳು ಯಾರ ಬಾಯಿ ನೋಡುತ್ತಿದ್ದಳೋ.

ಮಗಳನ್ನು ಕೆಳಗಿಳಿಸಿ ನಂಬರು ಒತ್ತಿದೆ. ಮೂರನೆಯ ರಿಂಗಿಗೆ ಹೈದರಾಬಾದಿನಲ್ಲಿ ಒಬ್ಬ ಹೆಣ್ಣುಮಗಳು ಎತ್ತಿದಳು. ಹಿಂದಿಯಲ್ಲಿ ಮಾತಾಡಿದಳು. ಸಂಘದ ಹೆಸರು ಕೇಳಿದಳು, ಹೇಳಿದೆ. ಹಾಳೆಯ ಮೇಲಿದ್ದ ಗುಪ್ತ ಸಂಖ್ಯೆ ಕೇಳಿದಳು, ಓದಿದೆ.

ಇದು ಪರೀಕ್ಷೆಯೋ ನಿಜವೋ, ಎಂದಳು.

ನಿಜ, ಎಂದೆ.

ಹೊರಟರೆ ನಡುವೆ ನಿಲ್ಲಿಸಲು ಬರುವುದಿಲ್ಲ, ಕೊನೆಯ ಐದು ನಿಮಿಷದ ಮಾಹಿತಿ ಸಿಗದೆ ಹೋಗಬಹುದು, ಗೊತ್ತಿದೆಯೇ?

ಗೊತ್ತಿದೆ.

ಯಾರ ಅಪ್ಪಣೆ ಎಂದು ಬರೆದುಕೊಳ್ಳಲಿ?

ಕಿಟಕಿಯಾಚೆ ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನನ್ನ ಕಡೆಗೇ ನೋಡುತ್ತಿದ್ದರು. ಎಮ್ಮೆ ಗೂಟಕ್ಕೆ ಜಗ್ಗುತ್ತಿತ್ತು. ಗಂಟು ಹಾಗೇ ಇತ್ತು.

"ಕೋಮಲ ಅಂತ ಬರೀರಿ," ಎಂದೆ. ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದೆ. ಯಾವ ಯಂತ್ರ ಮೊದಲು ಎಂದು ಅವಳು ಕೇಳುವ ಮುಂಚೆಯೇ, ಹಾಲಿನ ಮಾಹಿತಿ ಇರುವುದು ಮೊದಲು, ಅದು ಪೂರಾ ಎದ್ದು ನಿಂತ ಮೇಲೆ ಉಳಿದ ಹತ್ತು ಎಂದೆ. ಅವಳು ಕೀಲಿಗಳನ್ನು ಒತ್ತುವ ಸದ್ದು ಕೇಳುತ್ತಿತ್ತು. ಲೈನಿನಲ್ಲೇ ಇರಿ ಎಂದಳು.

ನಾನು ಫೋನನ್ನು ಕಿವಿಯಿಂದ ತೆಗೆಯದೆ ಕಿಟಕಿಯ ಕಡೆ ತಿರುಗಿದೆ.

"ಅತ್ತಿ, ಕರು ಬಿಡ್ರಿ. ಹಿಂಡ್ರಿ."